ಪುಕ್ಕಟೆ ಸಂಗೀತ ಕಛೇರಿ, ಯಾರ ಖರ್ಚಿನಲ್ಲಿ?

ಪ್ರಶ್ನೆ: ನಾನು ದಾವಣಗೆರೆಯವಳು, 24 ವರ್ಷ, ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಚಿಕ್ಕಂದಿನಿಂದ ಹಿಂದೂಸ್ತಾನಿ ಗಾಯನ ಕಲಿತಿದ್ದೇನೆ. ಮೂರು ವರ್ಷಗಳ ಹಿಂದೆ ನಾವು ಏಳು ಮಂದಿ ಸೇರಿ ತಂಡ ಕಟ್ಟಿಕೊಂಡೆವು. ತಿಂಗಳಿಗೆ ಎರಡು ಭಾನುವಾರ ವೃದ್ಧಾಶ್ರಮ, ಆಸ್ಪತ್ರೆಯ ಆವರಣ, ವಿದ್ಯಾರ್ಥಿನಿಲಯ, ಕೆಲವೊಮ್ಮೆ ಕುಂದುವಾಡ ಕೆರೆಯ ಹತ್ತಿರ ವಚನ, ದಾಸರ ಪದ, ಭಾವಗೀತೆ ಹಾಡುತ್ತೇವೆ. ಯಾರಿಂದಲೂ ಹಣ ಪಡೆಯುವುದಿಲ್ಲ. ಮೈಕ್‌ಸೆಟ್‌ನ 2,000 ರೂಪಾಯಿಯನ್ನು ನಾವೇ ಹಂಚಿಕೊಂಡು ಕೊಡುತ್ತೇವೆ. ತಬಲಾ ನುಡಿಸುವವನು ಹರಿಹರದ ಹುಡುಗ, 21 ವರ್ಷ, ತಂದೆ ಹಮಾಲಿ. ಎರಡು ತಿಂಗಳ ಹಿಂದೆ ಆತ, ಪ್ರತಿ ಕಾರ್ಯಕ್ರಮಕ್ಕೆ 300 ರೂಪಾಯಿ ಸಿಕ್ಕರೆ ಅನುಕೂಲವಾಗುತ್ತದೆ ಎಂದು ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದ. ಒಬ್ಬರು "ಸೇವೆಗೂ ರೇಟಾ?" ಎಂದರು. ಇನ್ನೊಬ್ಬರು "ಕಾಯಕವೇ ಕೈಲಾಸ" ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದರು. ನಾನು ಏನೂ ಹೇಳಲಿಲ್ಲ. ಆತ ಅಂದು ರಾತ್ರಿಯೇ ಗುಂಪಿನಿಂದ ಹೊರಹೋದ. ಈಗ ಮೊಬೈಲಿನ ತಬಲಾ ಆ್ಯಪ್ ಹಾಕಿಕೊಂಡು ಹಾಡುತ್ತಿದ್ದೇವೆ. ಹೋದ ವಾರ ವೃದ್ಧಾಶ್ರಮದ ಅಜ್ಜಿಯೊಬ್ಬರು "ಆ ತಬಲಾ ಹುಡುಗ ಎಲ್ಲವ್ವಾ?" ಎಂದಾಗ, ಊರಿಗೆ ಹೋಗಿದ್ದಾನೆಂದು ಸುಳ್ಳು ಹೇಳಿದೆ. ತಬಲಾವನ್ನು ಶ್ರುತಿಗೆ ಸೇರಿಸುವ ಅವನ ಸುತ್ತಿಗೆ ಇನ್ನೂ ನನ್ನ ಹಾರ್ಮೋನಿಯಂ ಪೆಟ್ಟಿಗೆಯಲ್ಲೇ ಇದೆ. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಲ್ಲವೇ? ಕೊಟ್ಟ ಮೇಲೆ ಅದು ಸೇವೆಯಾಗಿ ಉಳಿಯುತ್ತದೆಯೇ? ಅಪ್ಪ, "ಒಂದೋ ದುಡ್ಡು ತಗೊಳ್ಳಿ, ಇಲ್ಲಾ ನಿಲ್ಲಿಸಿ" ಎನ್ನುತ್ತಾರೆ. ಈಚೆಗೆ ಮುಖಂಡರ ಹುಟ್ಟುಹಬ್ಬಕ್ಕೂ "ನೀವು ಫ್ರೀ ಅಲ್ವಾ" ಎಂದು ಫೋನ್ ಬರುತ್ತಿದೆ. ನಾನೂ ತಂಡ ಬಿಟ್ಟುಬಿಡಲೇ?

ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಲೆಕ್ಕ ಬರೆಯುವವರು, ಆದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ. ಮೈಕ್‌ಸೆಟ್‌ನವರಿಗೆ ಪ್ರತಿ ಸಲ 2,000 ರೂಪಾಯಿ ಕೊಡುತ್ತಿದ್ದೀರಿ, ಅದರಿಂದ ಸೇವೆ ಕೆಟ್ಟಿತೆಂದು ತಂಡದಲ್ಲಿ ಯಾರಿಗೂ ಅನ್ನಿಸಿಲ್ಲ. ಬ್ಯಾನರ್ ಬರೆಸಿದ್ದರೆ ಅದಕ್ಕೂ ಕೊಟ್ಟಿರುತ್ತೀರಿ. ಧ್ವನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆಗೆ ಬಾಡಿಗೆ ಉಂಟು, ಆ ಧ್ವನಿಗೆ ಲಯ ಕೊಡುವ ಕೈಗಳಿಗೆ ಮಾತ್ರ ಇಲ್ಲ ಎನ್ನುವ ಈ ಏರ್ಪಾಡನ್ನು ನೀವು ಯಾರೂ ಕೂತು ಯೋಚಿಸಿ ಮಾಡಿರಲಾರಿರಿ. ತಾನಾಗಿ ಬೆಳೆದು ಬಂದಿರುತ್ತದೆ. ಆದರೆ ಆ ಹುಡುಗ 300 ರೂಪಾಯಿ ಕೇಳಿದ ದಿನ ಅದು ಎಲ್ಲರ ಕಣ್ಣಿಗೂ ಬಿತ್ತು. ಕಂಡದ್ದನ್ನು ಒಪ್ಪಿಕೊಳ್ಳಲಾಗದೆ ನಿಮ್ಮ ಗೆಳೆಯರು ಆತನನ್ನು ಹಂಗಿಸಿದರು.

ಇನ್ನೊಂದು ಲೆಕ್ಕ ನಿಮಗೆ ಹೊಳೆದಿರಲಿಕ್ಕಿಲ್ಲ, ಹೊಳೆಯದಿರುವುದೂ ಸಹಜ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ನೀವು ಮತ್ತು ತಂಡದ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಶೂನ್ಯ ದರದ ಟಿಕೆಟ್ ಹಿಡಿದು ಓಡಾಡುತ್ತಿದ್ದೀರಿ. ಹರಿಹರದಿಂದ ಸುಮಾರು 14 ಕಿಲೋಮೀಟರ್ ಬರುವ ಆತ ಪ್ರತಿ ಸಲ ಹೋಗಿಬರುವ ಚಾರ್ಜು ಕೊಡುತ್ತಾನೆ, ಬಸ್‌ ನಿಲ್ದಾಣದಿಂದ ಮುಂದಕ್ಕೆ ಆಟೋಕ್ಕೂ ಕೊಡುತ್ತಾನೆ, ಏಕೆಂದರೆ ತಬಲಾ ಹೊತ್ತು ನಡೆಯುವುದು ತಂಬೂರಿ ಆ್ಯಪ್ ಇರುವ ಮೊಬೈಲನ್ನು ಜೇಬಿನಲ್ಲಿ ಇಟ್ಟುಕೊಂಡಷ್ಟು ಸುಲಭವಲ್ಲ. ನಿಮ್ಮ ತಂಡದಲ್ಲಿ ಗಂಡು ದನಿಯೂ ಇದ್ದರೆ ಆತನ ಚೀಲ ಇನ್ನೂ ಭಾರ. ಹೆಣ್ಣುಮಕ್ಕಳ ಶ್ರುತಿಗೆ ಬಾಯಿ ಚಿಕ್ಕದಾದ ತಬಲಾ ಬೇಕು, ಗಂಡಸರ ಶ್ರುತಿಗೆ ಬಾಯಿ ದೊಡ್ಡದಾದದ್ದು. ಇಬ್ಬರಿಗೂ ಸಾಥ್ ಕೊಡುವವನು ಎರಡನ್ನೂ, ಜೊತೆಗೆ ಎಡಗೈಯಲ್ಲಿ ನುಡಿಸುವ ಲೋಹದ ಡಗ್ಗಾವನ್ನೂ ತರಬೇಕು. ದಿನವೂ ನುಡಿಸಿದರೆ ಚರ್ಮ ಸವೆಯುತ್ತದೆ, ನಡುವಿನ ಕಪ್ಪು ಕರಣೆ ಬಿರುಕು ಬಿಟ್ಟು ಉದುರುತ್ತದೆ, ಬಲ್ಲವರ ಹತ್ತಿರ ಒಯ್ದು ಹೊಸದು ಕಟ್ಟಿಸಬೇಕಾಗುತ್ತದೆ. ನಿಮ್ಮ ಕಂಠಕ್ಕೆ ಬಿಸಿನೀರು, ಕಲ್ಲುಸಕ್ಕರೆ ಸಾಕು. ಆತನ ವಾದ್ಯಕ್ಕೆ ಸಾಲದು.

ಭಾನುವಾರದ ವಿಷಯವನ್ನೂ ಹೇಳಬೇಕು. ನಿಮಗೆ ಅದು ರಜೆಯ ದಿನ. ತಬಲಾ ನುಡಿಸಿ ಬದುಕಲು ಹೊರಟ ಹುಡುಗನಿಗೆ ಮದುವೆಯ ತಿಂಗಳುಗಳ ಭಾನುವಾರವೆಂದರೆ ಆರತಕ್ಷತೆಗಳಲ್ಲೋ ಆರ್ಕೆಸ್ಟ್ರಾದಲ್ಲೋ ನಾಲ್ಕು ಕಾಸು ಕಾಣುವ ದಿನ. ನಿಮ್ಮ ಕಛೇರಿಯನ್ನು ಆತ ಒಪ್ಪಿಕೊಂಡ ಪ್ರತಿ ಭಾನುವಾರವೂ ಇನ್ನೊಬ್ಬರಿಗೆ "ಈ ಸಲ ಆಗುವುದಿಲ್ಲ" ಎಂದಿರುವ ಸಾಧ್ಯತೆ ಇದೆ. ಎರಡು ಸಲ ಹಾಗೆಂದವನನ್ನು ಆರ್ಕೆಸ್ಟ್ರಾದವರು ಮೂರನೆಯ ಸಲ ಕರೆಯುವುದಿಲ್ಲ. ಮೂರು ವರ್ಷ ಹೀಗೆ ಬಂದವನು 300 ರೂಪಾಯಿ ಕೇಳಿದನೆಂದರೆ, ಅದು ದರವಾಗಿರಲಿಲ್ಲ, ಹಾದಿಯ ಖರ್ಚು. ದರವನ್ನೇ ಕೇಳಿದ್ದರೆ ಆ ಮೊತ್ತ ಬೇರೆಯೇ ಇರುತ್ತಿತ್ತು.

"ಕಾಯಕವೇ ಕೈಲಾಸ" ಎಂದು ಬರೆದ ನಿಮ್ಮ ಗೆಳೆಯರ ಮೇಲೆ ನನಗೆ ತುಸು ಕೋಪ ಬಂದಿದೆ. ನಮ್ಮ ಕಡೆ ಈ ಮಾತನ್ನು ಲಾರಿಯ ಹಿಂದೆಯೂ ಬರೆಸುತ್ತಾರೆ, ಕೂಲಿ ಕೇಳಿದವರ ಬಾಯಿ ಮುಚ್ಚಿಸಲೂ ಬಳಸುತ್ತಾರೆ. ಅದು 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಬರುವ ಮಾತು. ಆತ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಲ್ಲೇ ಜೀವನ ನಡೆಸಿ, ಅದರಲ್ಲೇ ದಾಸೋಹ ಮಾಡುತ್ತಿದ್ದ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದಳು ಎನ್ನುತ್ತದೆ ಕಥೆ. ಆಕೆ ಬೇಡವೆಂದದ್ದು ಹೆಚ್ಚಾದ ಅಕ್ಕಿಯನ್ನು, ಅಂದಿನ ಅನ್ನಕ್ಕೆ ಬೇಕಾದ ಅಕ್ಕಿಯನ್ನಲ್ಲ. ಕಾಯಕವೆಂದರೆ ಹೊಟ್ಟೆ ಹೊರೆಯುವ ಪ್ರಾಮಾಣಿಕ ದುಡಿಮೆ; ಅದು ನಡೆದ ಮೇಲಿನದು ದಾಸೋಹ. ಲೆಕ್ಕ ಬರೆದು ಸಂಬಳ ಪಡೆದು ಭಾನುವಾರ ಹಾಡುವ ನಿಮಗೆ ಹಾಡು ದಾಸೋಹ. ಆ ಹುಡುಗನಿಗೆ ತಬಲಾವೇ ಕಾಯಕ. ಒಂದೇ ವೇದಿಕೆಯ ಮೇಲೆ ಕುಳಿತ ಮಾತ್ರಕ್ಕೆ ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದೀರಿ ಎಂದು ತಿಳಿದದ್ದರಿಂದಲೇ ಇಷ್ಟೆಲ್ಲ ಆಯಿತು.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಪುಕ್ಕಟೆಯಾಗಿ ಸಂಗೀತ ಕಲಿಸಿದರು. ಅದಕ್ಕಿಂತ ದೊಡ್ಡ ಸಂಗೀತಸೇವೆ ನಮ್ಮ ನಾಡಿನಲ್ಲಿ ನಡೆದದ್ದು ಅಪರೂಪ. ಆದರೆ ಆ ಮಕ್ಕಳ ಅನ್ನಕ್ಕಾಗಿ ಗವಾಯಿಗಳು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು, ಭಕ್ತರು ಮಾಡಿಸಿದ ತುಲಾಭಾರಗಳೂ ಆಶ್ರಮದ ಖರ್ಚಿಗೆ ಒದಗಿದವು. ಕಲಿಯುವವನಿಗೆ ಪುಕ್ಕಟೆ ಎಂಬುದರ ಹಿಂದೆ ಕಷ್ಟಪಟ್ಟು ಹಣ ಕೂಡಿಸುವ ಒಂದು ಕೆಲಸ ಸದಾ ನಡೆದೇ ಇತ್ತು. ನಿಮ್ಮ ತಂಡದಲ್ಲಿ ಆ ಕೆಲಸವನ್ನು ಯಾರೂ ವಹಿಸಿಕೊಂಡಿಲ್ಲ, ಹಾಗಾಗಿ ಅದು ಕೈಯಲ್ಲಿ ಎಲ್ಲರಿಗಿಂತ ಕಡಿಮೆ ಇರುವವನ ತಲೆಯ ಮೇಲೆ ಬಿತ್ತು.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕಾಲೇಜಿನ ದಿನಗಳಲ್ಲಿ ನಾನು ಒಂದು ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಒತ್ತುತ್ತಿದ್ದೆ. ನಮ್ಮ ಢೋಲಕಿಯ ಹುಡುಗ ಮಂಗಳಾರತಿ ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದ, ಪ್ರಸಾದಕ್ಕೂ ನಿಲ್ಲುತ್ತಿರಲಿಲ್ಲ. ಅವನಿಗೆ ಸೊಕ್ಕು ಎಂದು ನಾವೆಲ್ಲ ಮಾತಾಡಿಕೊಂಡೆವು, ನಾನೂ ಆಡಿದೆ. ಕೊನೆಯ ಬಸ್ಸು ತಪ್ಪಿದರೆ ಅವನು ಎಂಟು ಕಿಲೋಮೀಟರ್ ನಡೆಯಬೇಕಿತ್ತು ಎಂಬುದು ತಿಳಿಯುವ ಹೊತ್ತಿಗೆ ಅವನು ಬರುವುದನ್ನೇ ಬಿಟ್ಟಿದ್ದ. ಮಂಡಳಿಯಲ್ಲಿ ಇಬ್ಬರ ಹತ್ತಿರ ಸ್ಕೂಟರ್ ಇತ್ತು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕೇ? ಆತನೊಬ್ಬನಿಗೇ ಎಂದು ಕೊಡಬೇಡಿ. ದೂರದಿಂದ ಬರುವ ಯಾರಿಗೇ ಆಗಲಿ ಪ್ರಯಾಣದ ಖರ್ಚು, ವಾದ್ಯ ತರುವ ಯಾರಿಗೇ ಆಗಲಿ ಅದರ ದುರಸ್ತಿಗೆ ಒಂದು ಪಾಲು, ಸಂಗೀತದಿಂದಲೇ ಬದುಕುವ ಯಾರಿಗೇ ಆಗಲಿ ಅಳತೆಯ ಒಂದು ಸಂಭಾವನೆ ಎಂದು ತಂಡದ ನಿಯಮವನ್ನಾಗಿ ಮಾಡಿ, ಬೇಡವೆನ್ನುವವರು ತೆಗೆದುಕೊಳ್ಳದಿರಲಿ. ನಿಮ್ಮ ಸಂಬಳದಿಂದ ಗುಟ್ಟಾಗಿ 300 ರೂಪಾಯಿ ಕಳಿಸಿಬಿಡೋಣ ಎನ್ನುವ ಯೋಚನೆ ಈಗಾಗಲೇ ಬಂದಿರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಅದು ಆತನಿಗೆ ಗೊತ್ತಾಗುತ್ತದೆ, ತನ್ನ ಹಕ್ಕಿನಂತೆ ಕೇಳಿದ್ದನ್ನು ನೀವು ಕರುಣೆಯನ್ನಾಗಿ ಮಾಡಿದಿರಿ ಎಂದು ಆತ ನೊಂದುಕೊಳ್ಳುತ್ತಾನೆ.

ಹಣ ಎಲ್ಲಿಂದ ಎಂದರೆ, ಮೊದಲು ಮೈಕ್‌ಸೆಟ್‌ನಿಂದ. ಮೂವತ್ತು ಮಂದಿ ಕೂರುವ ವೃದ್ಧಾಶ್ರಮದ ಪಡಸಾಲೆಗೆ ಧ್ವನಿವರ್ಧಕ ಏಕೆ? ಆಸ್ಪತ್ರೆಯ ಆವರಣದಲ್ಲಂತೂ ಅದನ್ನು ಇಡಲೇಬಾರದು: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆಯ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಹಾಸಿಗೆ ಹಿಡಿದವರ ನಡುವೆ ಬರಿಗಂಟಲಿನಲ್ಲಿ, ಮೆಲ್ಲಗೆ ನುಡಿಸಿದ ತಬಲಾದೊಂದಿಗೆ ಹಾಡಿದ ವಚನ ತಲುಪುವಷ್ಟು ಮೈಕಿನ ವಚನ ತಲುಪುವುದಿಲ್ಲ. ತಿಂಗಳಿಗೆ ಒಂದು ಮೈಕ್‌ಸೆಟ್ ಉಳಿಸಿದರೂ ನೀವು ನಿರಾಕರಿಸಿದ ಹಣದ ಮೂರು ಪಟ್ಟಿಗೂ ಹೆಚ್ಚು ಕೈಯಲ್ಲಿರುತ್ತದೆ.

ಎರಡನೆಯದು, ಆ ಹುಟ್ಟುಹಬ್ಬದ ಫೋನುಗಳು. ಇಲ್ಲಿ ನಿಮ್ಮ ತಂದೆಯ ಮಾತಿನಲ್ಲಿ ಅರ್ಧ ಹುರುಳಿದೆ. ವೃದ್ಧಾಶ್ರಮದ ಅಜ್ಜಿಗೆ ನಿಮ್ಮ ಹಾಡು ಪುಕ್ಕಟೆಯಾಗಿ ಸಿಗಬೇಕು. ಶಾಮಿಯಾನ, ಅಡುಗೆ, ಆಳೆತ್ತರದ ಕಟೌಟು ಎಲ್ಲಕ್ಕೂ ಹಣ ಚೆಲ್ಲಿ ಸಂಗೀತಕ್ಕೆ ಮಾತ್ರ ಶಾಲು ಹೊದಿಸಿ ಕಳಿಸುವವರಿಗೆ ಸಿಗಬೇಕಾಗಿಲ್ಲ. ಶಾಲನ್ನು ಒಯ್ದರೆ ಯಾರೂ ತಬಲಾ ಕಟ್ಟಿಕೊಡುವುದಿಲ್ಲ. ಅಂಥವರಿಗೆ "ನಮ್ಮ ಸಂಭಾವನೆ ಇಷ್ಟು, ಮುಂಗಡ ಇಷ್ಟು" ಎಂದು ಸಂಕೋಚವಿಲ್ಲದೆ ಹೇಳಿ. ಹತ್ತರಲ್ಲಿ ಎಂಟು ಫೋನು ಅಲ್ಲಿಗೇ ನಿಲ್ಲುತ್ತವೆ, ಉಳಿದೆರಡರ ಹಣ ತಂಡದ ಪೆಟ್ಟಿಗೆಗೆ ಬೀಳುತ್ತದೆ. ಪುಕ್ಕಟೆ ಕಛೇರಿಗಳನ್ನು ಮದುವೆಗಳಿಲ್ಲದ ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಹೆಚ್ಚಾಗಿ ಇಟ್ಟುಕೊಂಡು ಮದುವೆಯ ತಿಂಗಳುಗಳಲ್ಲಿ ವಾರದ ನಡುವಿನ ಸಂಜೆಗಳಿಗೆ ಸರಿಸಿದರೆ ಆತನ ದುಡಿಮೆಯೂ ತಪ್ಪುವುದಿಲ್ಲ.

ತಂಡ ಬಿಡುವ ಮಾತು ಈಗ ಬೇಡ. ಆ ರಾತ್ರಿ ಸುಮ್ಮನಿದ್ದಿರಿ. ಈಗ ಎದ್ದು ಹೋದರೆ ಅದೂ ಇನ್ನೊಂದು ಬಗೆಯ ಸುಮ್ಮನಿರುವಿಕೆಯೇ ಆಗುತ್ತದೆ. ಮೊದಲು ಉಳಿದ ಐವರನ್ನು ಎದುರಿಗೆ ಕೂರಿಸಿಕೊಂಡು, ವಾಟ್ಸ್‌ಆ್ಯಪಿನಲ್ಲಿ ಖಂಡಿತ ಅಲ್ಲ, ಮೈಕ್‌ಸೆಟ್‌ನ ರಸೀದಿಗಳನ್ನು ಮುಂದಿಟ್ಟು ಮಾತಾಡಿ. ನಿಯಮಕ್ಕೆ ಅವರು ಒಪ್ಪದೇ ಹೋದರೆ ಬಿಡುವ ಪ್ರಶ್ನೆ ಆಗ ಬರಲಿ. ವೃದ್ಧಾಶ್ರಮಕ್ಕೆ ಹಾಡಲು ಏಳು ಮಂದಿಯೇ ಬೇಕೆಂದಿಲ್ಲ, ಇಬ್ಬರೂ ಸಾಕು.

ಆಮೇಲೆ ಹರಿಹರಕ್ಕೆ ಹೋಗಿ. ಹೋಗುವ ಮುನ್ನ ಫೋನ್ ಮಾಡಿ ಕೇಳಿ, ಮನೆಗೆ ಬರುವುದು ಆತನಿಗೆ ಇಷ್ಟವಿಲ್ಲದಿದ್ದರೆ ಬಸ್‌ ನಿಲ್ದಾಣದಲ್ಲೇ ಭೇಟಿಯಾಗಿ. ಗೆಳೆಯರ ಪರವಾಗಿ ಸಮಜಾಯಿಷಿ ಕೊಡಬೇಡಿ. "ಅವತ್ತು ನಾನು ಮಾತಾಡಬೇಕಿತ್ತು, ಆಡಲಿಲ್ಲ, ತಪ್ಪಾಯಿತು" ಎಂದಷ್ಟೇ ಹೇಳಿ, ಅಜ್ಜಿ ಕೇಳಿದ್ದನ್ನೂ ನೀವು ಹೇಳಿದ ಸುಳ್ಳನ್ನೂ ತಿಳಿಸಿ. ಆತ ಮರಳಿ ಬರಲು ಒಪ್ಪಬಹುದು, ಒಪ್ಪದಿರಬಹುದು. ಎರಡಕ್ಕೂ ಆತನಿಗೆ ಕಾರಣವಿದೆ, ಅಂದೇ ಉತ್ತರ ಕೇಳಬೇಡಿ. ಸುತ್ತಿಗೆಯನ್ನು ಮಾತ್ರ ಮರೆಯದೆ ಒಯ್ದು ಕೊಟ್ಟು ಬನ್ನಿ. ಎರಡು ತಿಂಗಳಿಂದ ಆತ ಯಾರದೋ ಸುತ್ತಿಗೆ ಎರವಲು ಪಡೆದು ಶ್ರುತಿ ಸೇರಿಸುತ್ತಿರಬೇಕು.