ಆಪರೇಷನ್ ವಿಷಯ ತಮ್ಮನಿಗೆ ಯಾಕೆ ಹೇಳಲಿಲ್ಲ?

ಸಕಲೇಶಪುರ ತಾಲ್ಲೂಕಿನಿಂದ ಬಂದ ಕಾಗದ. ಹೆಸರು ಬೇಡ ಅಂದಿದ್ದಾರೆ, ಹಾಕುವುದಿಲ್ಲ. 41 ವರ್ಷ, ಮದುವೆಯಾಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಎರಡೆಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು ನಂಬಿಕೊಂಡು ತಮ್ಮನನ್ನು ಇಂಜಿನಿಯರಿಂಗ್ ಓದಿಸಿದರು. ಅವನೀಗ ಬೆಂಗಳೂರಲ್ಲಿ. ಕ್ರಿಸ್‌ಮಸ್‌ಗೆ ಬಂದರೆ ಊಟ ಮುಗಿಸಿ ಸಂಜೆಯೊಳಗೆ ಗಾಡಿ ಹತ್ತುತ್ತಾನೆ. ಅಕ್ಕ ಕಾಫಿಪುಡಿ, ಹಂದಿ ಉಪ್ಪಿನಕಾಯಿ ಕಟ್ಟಿ ಬಸ್ಸಿಗೆ ಹಾಕಿದರೆ ‘ಬಂತು’ ಅನ್ನುವ ಒಂದು ಮಾತಿಲ್ಲ. ಫೋನ್ ಮಾಡಿದರೆ ‘ಮೀಟಿಂಗಲ್ಲಿದೀನಿ ಅಕ್ಕ’. ಇವರು ಕೇಳಿರುವುದು ಇಷ್ಟು: ‘ಯೇಸುಸ್ವಾಮಿ ಯಾವ ಷರತ್ತೂ ಇಲ್ಲದೆ ನಮ್ಮನ್ನು ಪ್ರೀತಿಸಿದರು. ನನಗೆ ಹಾಗಾಗುತ್ತಿಲ್ಲ, ಒಳಗೊಳಗೇ ಕುದಿಯುತ್ತೇನೆ. ಇದು ಪಾಪವೇ?’

ಪಾಪವಲ್ಲ ತಂಗಿ. ಆ ವಿಷಯ ಅಲ್ಲಿಗೆ ಮುಗಿಯಿತು.

ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಮೂರನೇ ಪುಟ. ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದದ್ದನ್ನು ಹೇಳುತ್ತಾ ನಡುವೆ ಒಂದು ಸಾಲು ತೂರಿಸಿದ್ದೀರಿ: ‘ಹೋದ ಜೂನ್‌ನಲ್ಲಿ ಹಾಸನದಲ್ಲಿ ಗರ್ಭಕೋಶದ ಆಪರೇಷನ್ ಆಯ್ತು, ತಮ್ಮನಿಗೆ ತಿಳಿಸಬೇಡಿ ಅಂದಿದ್ದೆ, ಅವನ ಕೆಲಸಕ್ಕೆ ತೊಂದರೆ.’ ಮುಂದಿನ ವಾಕ್ಯದಲ್ಲಿ ಮತ್ತೆ ಮೆಣಸು!

ಬೆಂಗಳೂರಿನಿಂದ ಹಾಸನಕ್ಕೆ ನಾಲ್ಕು ಗಂಟೆ ದಾರಿ. ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಿದ್ದು 70 ದಾಟಿದ ತಾಯಿ, ಗಂಜಿ ತಂದದ್ದು ಪಕ್ಕದ ಮನೆಯವರು. ಒಂದು ವರ್ಷವಾಯಿತು, ಆ ಹುಡುಗನಿಗೆ ಈಗಲೂ ಗೊತ್ತಿಲ್ಲ. ಅವನ ಪರ ವಕಾಲತ್ತು ಹಾಕುತ್ತಿಲ್ಲ. ಪಾರ್ಸೆಲ್ ಮುಟ್ಟಿತು ಅನ್ನಲು ಯಾವ ಮೀಟಿಂಗೂ ಅಡ್ಡ ಬರುವುದಿಲ್ಲ. ಆದರೆ ಅಕ್ಕನಿಗೆ ಏನೂ ಬೇಡ ಎಂದು ಅವನಿಗೆ ಚಿಕ್ಕಂದಿನಿಂದ ಕಲಿಸಿದ್ದು ನೀವೇ. ಚೆನ್ನಾಗಿಯೇ ಕಲಿತಿದ್ದಾನೆ.

ನನಗೆ ನಿಜವಾಗಿ ಸಿಟ್ಟು ಬಂದದ್ದು ನಿಮ್ಮ ಪ್ರಾರ್ಥನಾಕೂಟದ ಆ ಹಿರಿಯಕ್ಕನ ಮೇಲೆ. ‘ನಿರೀಕ್ಷೆ ಇಟ್ಟರೆ ಅದು ಪ್ರೀತಿಯಲ್ಲ, ಶಿಲುಬೆ ಅಂತ ಹೊತ್ತುಕೋ’ ಅಂದರಂತೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಪ್ರತಿ ಶುಕ್ರವಾರ ಶಿಲುಬೆಯ ಹಾದಿ, ಅಂದರೆ ಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಪ್ರಾರ್ಥನೆ ಮಾಡುವವರು ತಾನೇ ಅವರು? 14 ಸ್ಥಳಗಳಲ್ಲಿ ಐದನೆಯದು ಯಾವುದು ಎಂದು ಒಮ್ಮೆ ಕೇಳಿ ನೋಡಿ. ದಾರಿಹೋಕನಾದ ಸಿರೇನಿನ ಸಿಮೋನ ಆ ಶಿಲುಬೆಗೆ ಹೆಗಲು ಕೊಟ್ಟದ್ದು. ಸ್ವಾಮಿಯ ಶಿಲುಬೆಗೇ ಇನ್ನೊಂದು ಹೆಗಲು ಬೇಕಾಯಿತು, ನೀವು ಮಾತ್ರ ಒಬ್ಬರೇ ಹೊರಬೇಕೋ? ಬೇರೆಯವರ ಮನೆಯ ಹೆಣ್ಣುಮಗಳಿಗೆ ತಾಳ್ಮೆ ಉಪದೇಶಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಈ ಅಂಕಣ ಓದುವವರಿಗೆ ಅದು ಹಳೇ ವಿಷಯ.

ಮತ್ತಾಯನ ಶುಭಸಂದೇಶದ 26ನೇ ಅಧ್ಯಾಯ ತೆಗೆಯಿರಿ. ಹಿಡಿದುಕೊಟ್ಟ ರಾತ್ರಿ ಗೆತ್ಸೆಮನಿ ತೋಟದಲ್ಲಿ ಯೇಸು ತಮ್ಮ ಶಿಷ್ಯರಾದ ಪೇತ್ರನನ್ನೂ ಜೆಬೆದಾಯನ ಇಬ್ಬರು ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಸಾಯುವಷ್ಟು ಸಂಕಟವಾಗುತ್ತಿದೆ, ನನ್ನ ಜೊತೆ ಎಚ್ಚರವಾಗಿರಿ ಅಂತ ಬಾಯಿಬಿಟ್ಟು ಕೇಳುತ್ತಾರೆ. ಅವರು ನಿದ್ದೆ ಹೋಗುತ್ತಾರೆ. ಸ್ವಾಮಿ ಬಂದು ಸುಮ್ಮನೆ ಹೊದಿಕೆ ಹೊದಿಸಿ ಹೋದರೇ? ಒಂದು ಗಂಟೆಯೂ ಎಚ್ಚರವಿರಲು ಆಗಲಿಲ್ಲವೇ ಎಂದು ಪೇತ್ರನನ್ನೇ ಕೇಳಿದರು. ಸಂಕಟ ಹೇಳಿಕೊಂಡರು, ಜೊತೆ ಬೇಡಿದರು, ಸಿಗದಿದ್ದಾಗ ನೊಂದು ಮಾತಾಡಿದರು. ಆಮೇಲೂ ಆ ಮೂವರನ್ನು ಬಿಡಲಿಲ್ಲ. ಷರತ್ತಿಲ್ಲದ ಪ್ರೀತಿ ಬೇಕು ಅಂದಿರಲ್ಲ, ಇದೇ ಅದು. ನೀವು ಕೊನೆಯ ಭಾಗವನ್ನಷ್ಟೇ ಮಾಡುತ್ತಾ ಬಂದಿದ್ದೀರಿ.

ಕಾಗದದ ನೆತ್ತಿಯ ಮೇಲೆ ಕೊರಿಂಥಿಯರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದ ಸಾಲು ಬರೆದಿದ್ದೀರಿ, ಪ್ರೀತಿ ಸಹನೆಯುಳ್ಳದ್ದು ಅಂತ. ಸ್ವಲ್ಪ ಕೆಳಗೆ ಓದಿ. ಪ್ರೀತಿ ಸತ್ಯದಲ್ಲಿ ಸಂತೋಷಪಡುತ್ತದೆ ಎಂದೂ ಪೌಲ ಬರೆದಿದ್ದಾನೆ. ಹೊಟ್ಟೆ ಕೊಯ್ಸಿಕೊಂಡು ಬಂದು ಫೋನಿನಲ್ಲಿ ‘ಚೆನ್ನಾಗಿದೀನಿ ಕಣೋ’ ಅನ್ನುವುದು ಯಾವ ಸತ್ಯ?

ಕೇಳಿದರೆ ಅದೇ ಷರತ್ತಾಗುತ್ತದಲ್ಲ ಎಂದು ನೀವು ಅಂದುಕೊಳ್ಳಬಹುದು. ಆಗುವುದಿಲ್ಲ. ಕೊಡದಿದ್ದರೆ ಪ್ರೀತಿಸುವುದಿಲ್ಲ ಅಂದರೆ ಷರತ್ತು. ಅವನು ಇಲ್ಲ ಅಂದರೂ ನೀವು ಅಕ್ಕನೇ.

ಹಾಗಾಗಿ ಒಂದೇ ಕೆಲಸ ಹೇಳುತ್ತೇನೆ. ಈ ಭಾನುವಾರ ಪೂಜೆ ಮುಗಿದ ಮೇಲೆ ಅವನಿಗೆ ಫೋನ್ ಮಾಡಿ. ವಾಟ್ಸ್ಯಾಪ್ ಬೇಡ; ಮನಸ್ಸಿನ ಮಾತಿಗೆ ಅದು ಲಾಯಕ್ಕಿಲ್ಲ ಎಂದು ಎಷ್ಟೋ ಸಲ ಬರೆದಿದ್ದೇನೆ. ಮೀಟಿಂಗ್ ಅಂದರೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಕೇಳಿ, ಆ ಹೊತ್ತಿಗೇ ಮತ್ತೆ ಮಾಡಿ. ಆಪರೇಷನ್ ಆದದ್ದು ಹೇಳಿ, ಮುಚ್ಚಿಟ್ಟದ್ದೂ ಹೇಳಿ. ಹಳೇ ಫೀಸಿನ ಲೆಕ್ಕ, ಉಪ್ಪಿನಕಾಯಿ ಲೆಕ್ಕ ತೆಗೆಯಬೇಡಿ. ಮುಂದಿನ ತಿಂಗಳು ಡಾಕ್ಟರ್ ಮತ್ತೆ ಸ್ಕ್ಯಾನಿಂಗ್‌ಗೆ ಕರೆದಿದ್ದಾರೆ ಅಂತ ಬರೆದಿದ್ದೀರಲ್ಲ, ‘ನನ್ನ ಜೊತೆ ಬಾ’ ಎಂದು ಕೇಳಿ. ‘ಆದರೆ ಬಾ’, ‘ರಜೆ ಇದ್ದರೆ ನೋಡು’ ಅನ್ನಬೇಡಿ.

ಬಂದರೆ ಅವತ್ತು ರಿಪೋರ್ಟಿನ ಫೈಲು ಅವನ ಕೈಗೆ ಕೊಡಿ, ಕ್ಯೂನಲ್ಲಿ ಅವನೇ ನಿಲ್ಲಲಿ.