ಪ್ರತಿಕ್ರಿಯೆ: ಮೊಬೈಲ್ ತರಗತಿಯಿಂದ ಎದ್ದು ಓಡುವ ಮಗು

ಆಟಿಸಂ ಇರುವ ನಿಮ್ಮ ಮಗ ಮೊಬೈಲ್‌ನಲ್ಲಿ ನಡೆಯುವ ಆನ್‌ಲೈನ್ ತರಗತಿ ಆರಂಭವಾದೊಡನೆ ಕಿವಿ ಮುಚ್ಚಿಕೊಂಡು ಓಡುವುದಕ್ಕೆ ಹಟಕ್ಕಿಂತ ಏಕಕಾಲಕ್ಕೆ ಕೇಳಿಬರುವ ಹಲವು ಧ್ವನಿಗಳೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಆದರೂ ಕಿವಿನೋವು ಇಲ್ಲವೆಂಬುದನ್ನು ಮೊದಲು ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಬಳಿಕ ನೇರ ತರಗತಿಯ ಬದಲು ರೆಕಾರ್ಡ್ ಮಾಡಿದ ಪಾಠವನ್ನು ಕಳುಹಿಸುವಂತೆ ಶಿಕ್ಷಕರನ್ನು ಕೇಳಿ, ಧ್ವನಿ ತಗ್ಗಿಸಿ, "ಮೊದಲು ಪಾಠ, ಆಮೇಲೆ ಉಯ್ಯಾಲೆ" ಎಂಬುದನ್ನು ಎರಡು ಚಿತ್ರಗಳಲ್ಲಿ ಎದುರಿಗಿಡಿ. ಅವನು ಏಳುವ ಮುನ್ನವೇ ಪಾಠವನ್ನು ನೀವಾಗಿ ನಿಲ್ಲಿಸಬೇಕು; ಓಡಿದ ಮೇಲೆ ನಿಲ್ಲಿಸಿದರೆ, ಬಿಡುಗಡೆಗೆ ಓಡುವುದೇ ದಾರಿಯೆಂದು ಅವನು ಕಲಿಯುತ್ತಾನೆ. ಎಣಿಕೆಯನ್ನಂತೂ ಪರದೆಗಿಂತ ಮನೆಯ ಶೇಂಗಾಕಾಯಿಗಳಲ್ಲಿ ಕಲಿಸುವುದೇ ಮೇಲು. ರೆಕಾರ್ಡ್ ಮಾಡಿದ ಪಾಠ ಕಳುಹಿಸಲು ಶಾಲೆ ಒಪ್ಪದಿದ್ದರೆ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ಮಾನ್ಯತೆ ಪಡೆದ ಶಾಲೆಗಳು ಒದಗಿಸಬೇಕೆನ್ನುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಮನ್ನು ಉಲ್ಲೇಖಿಸಿ, ನಿಮ್ಮ ತಾಲ್ಲೂಕಾದ ಚಳ್ಳಕೆರೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.