ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇದೆ ಎಂದು ಗೊತ್ತಾದ ಮೇಲೆ ಅಪ್ಪನಿಗೆ ಭಯವಾದಾಗಲೆಲ್ಲ ಏದುಸಿರು ಬರುತ್ತದೆ, ಯಾಕೆ?

ಭಯವೇ ಏದುಸಿರನ್ನು ಹೆಚ್ಚಿಸುತ್ತದೆ. ಹಾಗಂತ ಅದು ಸುಮ್ನೆ ಮನಸ್ಸಿನ ಭ್ರಮೆ ಅಲ್ಲ. ಸಿಒಪಿಡಿಯಲ್ಲಿ ಶ್ವಾಸನಾಳಗಳು ಕಿರಿದಾಗಿರುತ್ತವೆ. ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದಾಗ ಹಳೆ ಗಾಳಿ ಎದೆಯಲ್ಲೇ ಉಳಿಯುತ್ತದೆ, ಹೊಸ ಉಸಿರಿಗೆ ಜಾಗ ಸಾಲುವುದಿಲ್ಲ. ಅದರಿಂದ ಮತ್ತೆ ಭಯ.

ಹಾಗಾಗಿ 'ಹೆದರಬೇಡಿ' ಅನ್ನುವ ಬದಲು ಪಕ್ಕದಲ್ಲಿ ಕೂತು ಜೊತೆಗೆ ಉಸಿರಾಡಿ. ಮೂಗಿನಿಂದ ಒಳಗೆ, ಸೀಟಿ ಊದುವಂತೆ ತುಟಿ ಮಾಡಿ ಎರಡರಷ್ಟು ಹೊತ್ತು ಹೊರಗೆ. ಆರಾಮಾಗಿದ್ದಾಗಲೇ ಇದನ್ನು ರೂಢಿ ಮಾಡಿಸಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮನೆಯಲ್ಲೇ ಕೂತರೆ ಕಾಲಿನ ಬಲ ಕುಗ್ಗಿ ಏದುಸಿರು ಜಾಸ್ತಿಯಾಗುತ್ತದೆ, ಬೇಸರವೂ. ಮಂಗಳೂರು ಅಥವಾ ಮಣಿಪಾಲದಲ್ಲಿ ತೋರಿಸುವಾಗ 'ಪಲ್ಮನರಿ ರಿಹ್ಯಾಬ್' ಬಗ್ಗೆ ಕೇಳಿ. ವೈದ್ಯರ ನಿಗಾದಲ್ಲಿ ಮಾಡುವ ಈ ವ್ಯಾಯಾಮ ಆತಂಕವನ್ನೂ ತಗ್ಗಿಸುತ್ತದೆ. ನೋಡಲು ಬಂದ ನೆಂಟರು 'ಬೀಡಿ ಸೇದಿದ್ದಕ್ಕೇ ಹೀಗಾಯ್ತು' ಅನ್ನುವುದನ್ನು ಮಾತ್ರ ತಡೆಯಿರಿ! ಸೌದೆ ಒಲೆಯ ಹೊಗೆಯಿಂದಲೂ ಇದು ಬರುತ್ತದೆ.

ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ತುಟಿ ನೀಲಿಯಾದರೆ, ಮಾತಾಡಲೂ ಆಗದಿದ್ದರೆ ಭಯ ಅಂದುಕೊಂಡು ಕಾಯಬೇಡಿ, 108ಕ್ಕೆ ಫೋನ್ ಮಾಡಿ.